ಅತ್ತೆಯ ಹೆಬ್ಬೆರಳು, ಅಳಿಯನ ಬಿಲ್ಲೆ

ನಾನು ಕಮಲಾಪುರದ ಸರ್ಕಾರಿ ಹೈಸ್ಕೂಲಿನಲ್ಲಿ ಇಪ್ಪತ್ತೊಂದು ವರ್ಷದಿಂದ ಕನ್ನಡ ಕಲಿಸುತ್ತಿದ್ದೇನೆ. ಹೆಸರು ನಜ್ಮಾ. ಮನೆಯಲ್ಲಿ ದಖನಿ, ಶಾಲೆಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಸಿಟ್ಟು ನನಗೆ ಬೇಗ ಬರುತ್ತದೆ. ಅದನ್ನು ಮೊದಲೇ ಹೇಳಿಬಿಟ್ಟಿದ್ದೇನೆ, ಆಮೇಲೆ ಯಾರೂ ದೂರಬಾರದು. ಈ ಇಪ್ಪತ್ತೊಂದು ವರ್ಷದಲ್ಲಿ ನನಗೆ ಅತಿ ಹೆಚ್ಚು ಸಿಟ್ಟು ತರಿಸಿದವರು ಹತ್ತನೇ ಕ್ಲಾಸಿನ ಹುಡುಗರಲ್ಲ. ನಮ್ಮ ಪಕ್ಕದ ಮನೆಯ ಸೂರ್ಯಕಾಂತಣ್ಣ ಮತ್ತು ಅವನ ಅತ್ತೆ ನೀಲಗಂಗಮ್ಮ. ಹೊಟ್ಟೆ ಹಿಡಿದುಕೊಂಡು ನಗುವಂತೆ ಮಾಡಿದವರೂ ಅವರೇ, ಆದ್ದರಿಂದ ಲೆಕ್ಕ ಸಮ.

ಸೂರ್ಯಕಾಂತಣ್ಣ ಸರ್ಕಾರಿ ಬಸ್ಸಿನ ಕಂಡಕ್ಟರ್. ಕಮಲಾಪುರ–ಕಲಬುರಗಿ ಅವನ ರೂಟು. ವಯಸ್ಸು ಐವತ್ತೆಂಟು. ಅವನ ದನಿಯನ್ನು ಏನು ಹೇಳಲಿ! ಮಹಾಗಾಂವ ಕ್ರಾಸಿನಲ್ಲಿ ಅವನು "ಹೋಲ್ಡಾನ್" ಎಂದು ಕೂಗಿದರೆ ದೂರದ ಹೊಲದಲ್ಲಿ ತೊಗರಿ ಕೊಯ್ಯುವವರೂ ತಿರುಗಿ ನೋಡುತ್ತಾರೆ. ಅವನ ಹೆಂಡತಿ ಭಾಗಮ್ಮ ನನ್ನ ಗೆಳತಿ. ಆರು ವರ್ಷದ ಹಿಂದೆ ಹದಿನೈದೇ ದಿನದ ಜ್ವರದಲ್ಲಿ ಹೋಗಿಬಿಟ್ಟಳು. ಮಕ್ಕಳಿರಲಿಲ್ಲ. ಅವಳ ತಾಯಿ ನೀಲಗಂಗಮ್ಮ ಗಂಡ ತೀರಿದ ಮೇಲೆ ಮಗಳ ಮನೆಗೇ ಬಂದಿದ್ದಳು. ನಾವೆಲ್ಲ ಅವಳನ್ನು ಆಯಿ ಎನ್ನುತ್ತೇವೆ.

ಭಾಗಮ್ಮನ ದಿವಸದ ಊಟ ಮುಗಿದ ದಿನ ಆಯಿಯ ಅಣ್ಣನ ಮಕ್ಕಳು ಜೀಪು ತಂದು ಬಾಗಿಲಲ್ಲಿ ನಿಲ್ಲಿಸಿದರು. ಮಗಳೇ ಇಲ್ಲದ ಮೇಲೆ ಅಳಿಯನ ಮನೆಯಲ್ಲಿ ಅವಳಿಗೇನು ಕೆಲಸ ಎಂಬುದು ಅವರ ಮಾತು. ಆಯಿಯ ಟ್ರಂಕು ಜೀಪಿಗೆ ಏರಿಯೂ ಆಗಿತ್ತು. ಸೂರ್ಯಕಾಂತಣ್ಣ ಹೋಗಿ ಟ್ರಂಕು ಇಳಿಸಿ, ಹೆಗಲ ಮೇಲೆ ಹೊತ್ತು, ತಂದು ಒಳಗಿಟ್ಟ.

"ಸೀಟ್ ಹಿಡದು ಕುಂತವರನ್ನ ನಡು ದಾರ್ಯಾಗ ಇಳಸೂ ರಿವಾಜು ನಮ್ಮ ಬಸ್ಸಿನಾಗ ಇಲ್ರೀ," ಎಂದ.

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಅತ್ತುಬಿಟ್ಟೆ. ಅದು ಒಂದೇ ಸಲ. ಉಳಿದ ಆರು ವರ್ಷ ಬರೀ ರಂಪ.

ರಂಪ ಯಾತಕ್ಕೆ ಅಂದರೆ, ಆಯಿಯ ಕಾಲದ ಹೆಣ್ಣುಮಕ್ಕಳಿಗೆ ಅಳಿಯನೆಂದರೆ ದೇವರಿಗಿಂತ ಒಂದು ಮೆಟ್ಟಿಲು ಮೇಲೆ. ಅಳಿಯನ ಎದುರು ನಿಲ್ಲಬಾರದು. ಹೆಸರು ಹಿಡಿಯಬಾರದು. ಸೆರಗು ಹಣೆಯಿಂದ ಜಾರಬಾರದು. ಎಲ್ಲಕ್ಕಿಂತ ಮುಖ್ಯ, ಅಳಿಯನ ಜೊತೆ ನೇರವಾಗಿ ಮಾತಾಡಬಾರದು. ಭಾಗಮ್ಮ ಇದ್ದಾಗ ಅವಳೇ ನಡುವೆ ನಿಂತು ಈ ಕಡೆಯ ಮಾತು ಆ ಕಡೆಗೆ, ಆ ಕಡೆಯದು ಈ ಕಡೆಗೆ ಸಾಗಿಸುತ್ತಿದ್ದಳು. ಅವಳು ಹೋದ ಮೇಲೂ ಅವಳಿಗೆ ಆ ಕೆಲಸದಿಂದ ಬಿಡುಗಡೆ ಸಿಗಲಿಲ್ಲ. ಪಡಸಾಲೆಯ ಗೋಡೆಯ ಮೇಲೆ ಅವಳ ಫೋಟೋ ಇತ್ತಲ್ಲ, ಇಬ್ಬರೂ ಅದಕ್ಕೇ ಹೇಳತೊಡಗಿದರು.

"ಭಾಗೂ, ನಿಮ್ಮ ಮನಿಯಾರಿಗಿ ಹೇಳವಾ, ಶುಗರಿನ ಗುಳಿಗಿ ನಾಳಿಗಿ ಮುಗೀತಾವ," ಎಂದು ಆಯಿ ಫೋಟೋಗೆ ಹೇಳುವುದು.

ಎರಡು ಮಾರು ದೂರದಲ್ಲಿ ಚಹಾ ಕುಡಿಯುತ್ತ ಕೂತ ಸೂರ್ಯಕಾಂತಣ್ಣ ಅದೇ ಫೋಟೋಗೆ ತಿರುಗಿ, "ಭಾಗೂ, ನಿಮ್ಮವ್ವಗ ಹೇಳು, ಮೂರು ದಿನದ ಹಿಂದೇ ತಂದು ಡಬ್ಬ್ಯಾಗ ಇಟ್ಟೀನಿ," ಎನ್ನುವುದು.

"ನೋಡೀನಿ ಅನ್ನವಾ. ಅವುಗಳ ಬಣ್ಣ ಬ್ಯಾರೆ ಅದ."

"ಕಂಪನಿ ಬ್ಯಾರೆ, ದವಾ ಅದೇ ಅನ್ನು."

"ಬಣ್ಣ ಬ್ಯಾರೆ ಇದ್ದದ್ದು ನಾ ನುಂಗಂಗಿಲ್ಲ ಅನ್ನವಾ."

ಪಾಪ ಭಾಗಮ್ಮ! ಮದುವೆಯ ಇಳಕಲ್ ಸೀರೆ ಉಟ್ಟು ಇಬ್ಬರಿಗೂ ಒಂದೇ ಸಮ ನಗುತ್ತ ನಿಂತಿರುತ್ತಿದ್ದಳು.

ಮಗಳ ಮುಂದೆ ಆಡಲು ಬಾರದ ಮಾತುಗಳಿಗೆ ನಾನಿದ್ದೆ. ನಮ್ಮೆರಡು ಮನೆಗೆ ನಡುವೆ ಒಂದೇ ಗೋಡೆ. ಆಯಿ ಆ ಕಡೆಯಿಂದ ಗೋಡೆ ಬಡಿದು "ನಜ್ಮಾ, ಬಾ ಇಲ್ಲಿ!" ಎಂದರೆ ನಾನು ತವೆಯ ಮೇಲಿನ ರೊಟ್ಟಿ ಬಿಟ್ಟು ಓಡಬೇಕು. ಹೋಗಿ ನೋಡಿದರೆ ಅಳಿಯ ಬಾಗಿಲ ಈ ಕಡೆ, ಅತ್ತೆ ಆ ಕಡೆ.

"ಅಳಿಯಂದ್ರಿಗಿ ಹೇಳು, ಎರಡು ದಿನಾತು, ಹೊಟ್ಟಿ ಸಾಫ ಆಗಿಲ್ಲ."

ನಾನು ಬರೀ ಕತ್ತು ತಿರುಗಿಸಿ, "ಸೂರ್ಯಕಾಂತಣ್ಣ, ಆಯಿದು ಎರಡು ದಿನದಿಂದ ಹೊಟ್ಟಿ ಸಾಫ ಆಗಿಲ್ಲಂತ," ಎನ್ನುವುದು.

"ಬಾಳಿಹಣ್ಣು ಎಷ್ಟು ತಿಂದಾರಂತ ಕೇಳ್ರಿ ಟೀಚರ್."

"ಒಂದೂ ತಿಂದಿಲ್ಲಂತ ಹೇಳು ನಜ್ಮಾ."

"ಹಂಗಾದ್ರ ಗಾದಿ ಕೆಳಗಿನ ಸಿಪ್ಪಿ ಯಾರವು ಅಂತ ಕೇಳ್ರಿ ಟೀಚರ್."

"ಯಾ ಅಲ್ಲಾ! ಇಬ್ಬರಿಗೂ ಕಿವಿ ಅವ, ಬಾಯಿ ಅವ, ನಡುವ ನನ್ನ ರೊಟ್ಟಿ ಹೊತ್ತಲಾಕತ್ತಾವ!" ಎಂದು ನಾನು ಕೂಗಾಡಿ ಬರುತ್ತಿದ್ದೆ. ಮರುದಿನ ಮತ್ತೆ ಗೋಡೆ ಬಡಿಯುವ ಸದ್ದು. ಇನ್ನು ಕಮಲಾಪುರದ ಕೆಂಪು ಬಾಳೆಹಣ್ಣಿನ ವಿಷಯದಲ್ಲಿ ಆಯಿಗೆ ಯಾರೂ ಬುದ್ಧಿ ಹೇಳುವ ಹಾಗಿರಲಿಲ್ಲ. ಅದು ಹಣ್ಣಲ್ಲ, ನಮ್ಮೂರ ದವಾ ಎಂದು ಅವಳ ವಾದ.

ಮಾತಿಲ್ಲದಿದ್ದರೇನು, ಸೂರ್ಯಕಾಂತಣ್ಣ ಅತ್ತೆಯನ್ನು ನೋಡಿಕೊಳ್ಳುವ ಶಿಸ್ತು ಮಾತ್ರ ನೋಡಬೇಕು. ಭಾಗಮ್ಮನ ಫೋಟೋದ ಕೆಳಗೆ ಒಂದು ರಟ್ಟು ಅಂಟಿಸಿದ್ದ. ಮೇಲೆ ದಪ್ಪ ಅಕ್ಷರದಲ್ಲಿ "ವೇಳಾಪಟ್ಟಿ". ಬೆಳಿಗ್ಗೆ 7.10 ಶುಗರಿನ ಗುಳಿಗೆ. 7.40 ಒಂದೂವರೆ ರೊಟ್ಟಿ. 11.00 ಮಜ್ಜಿಗೆ, ಉಪ್ಪಿಲ್ಲ. 1.15 ಊಟ. 8.05 ಬಿ.ಪಿ. ಗುಳಿಗೆ. ಕೊನೆಗೆ "ವೇಳೆಗೆ ಸರಿಯಾಗಿ ಹೊರಡುತ್ತದೆ" ಎಂದು ಬೇರೆ ಬರೆದಿದ್ದ. ಆಯಿಗೆ ಓದಲು ಬರುವುದಿಲ್ಲ. ಹಾಗಾಗಿ ಅವನು ಡ್ಯೂಟಿಯಲ್ಲಿದ್ದಾಗ ಆಯಾ ಹೊತ್ತಿಗೆ ನನ್ನ ಗಂಡನಿಗೆ ಫೋನು ಮಾಡಿ, ನನ್ನವರು ಗೋಡೆ ಬಡಿದು, "ಆಯೀ, ಏಳು ಹತ್ತಿನ ಬಸ್ ಬಂತು!" ಎಂದು ಕೂಗಬೇಕು. ಆಗ ಆಯಿ ಗುಳಿಗೆ ನುಂಗುತ್ತಿದ್ದಳು.

ತಿಂಗಳ ಮೊದಲ ಶನಿವಾರ ಕಲಬುರಗಿಯ ಡಾಕ್ಟರ ಹತ್ತಿರ ಹೋಗುವ ದಿನ. ಶನಿವಾರ ನನ್ನ ಶಾಲೆ ಬೆಳಿಗ್ಗೆಯೇ ಮುಗಿಯುತ್ತದೆ. ಹನ್ನೆರಡರ ಬಸ್ಸಿಗೆ ನಾನೂ ಆಯಿಯೂ ಹತ್ತುತ್ತೇವೆ. ಬಸ್ಸು ಯಾರದು? ಸೂರ್ಯಕಾಂತಣ್ಣನದೇ. ಆ ಬಸ್ಸಿನಲ್ಲಿ ನಡೆಯುವುದನ್ನು ಮೊದಲ ಸಲ ನೋಡಿದಾಗ ನಾನು ನನ್ನ ಕೈ ಚಿವುಟಿಕೊಂಡೆ.

ಆಯಿ ಸೀಟಿನಲ್ಲಿ ಕೂತವಳೇ ಸೆರಗು ಹಿಂದಕ್ಕೆ ತಳ್ಳಿ, "ಏ ಕಂಡಕ್ಟರ್! ಈ ಕಿಡಕಿ ಜಾಮ್ ಆಗ್ಯಾದ, ತೆಗಿ ಬಾ!" ಎಂದು ಕೂಗಿದಳು. ನೇರವಾಗಿ. ಏಕವಚನದಲ್ಲಿ!

ಸೂರ್ಯಕಾಂತಣ್ಣ ಓಡಿ ಬಂದು ಕಿಟಕಿ ತೆಗೆದ. "ಅಜ್ಜಿ, ಆಧಾರ್ ಕಾರ್ಡ್ ತೋರ್ಸ್ರಿ," ಎಂದ. ಹೆಣ್ಣುಮಕ್ಕಳಿಗೆ ಪುಕ್ಕಟೆ ಟಿಕೆಟ್ ಕೊಡಬೇಕೆಂದರೆ ಆಧಾರ್ ನೋಡಲೇಬೇಕು. ತನ್ನ ಕೈಯಾರೆ ಆಯಿಯ ಟ್ರಂಕಿನಲ್ಲಿ ಇಟ್ಟ ಆ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಟಿಕೆಟ್ ಹರಿದುಕೊಟ್ಟ.

"ಆಯಿ, ಇದೇನಿದು? ಮಾತಾಡಂಗಿಲ್ಲ ಅಂತಿದ್ದಿ!" ಎಂದೆ ನಾನು.

"ಹೊಸ್ತಿಲ ಒಳಗ ಅವರು ನಮ್ಮ ಅಳಿಯಂದ್ರು. ಇಲ್ಲಿ ಇವ ಸರಕಾರದ ಮನಷ್ಯಾ. ಎದಿ ಮ್ಯಾಲ ಕಂಡಕ್ಟರ್ ಬಿಲ್ಲೆ ಕಾಣಂಗಿಲ್ಲೇನು?" ಎಂದಳು ಆಯಿ, ನನಗೇ ತಿಳಿವಳಿಕೆ ಕಡಿಮೆ ಎಂಬಂತೆ.

ಅಲ್ಲಿಂದ ಕಲಬುರಗಿಯವರೆಗೆ, ಒಂದು ತಿಂಗಳು ಕಟ್ಟಿಟ್ಟ ಮಾತೆಲ್ಲ ಕಂಡಕ್ಟರನ ತಲೆಯ ಮೇಲೆ ಸುರಿಯಿತು. "ನಮ್ಮ ಅಳಿಯಂದ್ರು ಬಂಗಾರದಂಥ ಮನಷ್ಯಾರು. ಖರೆ, ಪಲ್ಯಾಕ್ಕ ಉಪ್ಪು ಹಾಕಗೊಡಂಗಿಲ್ಲ. ನೀನರೇ ಹೇಳಪಾ ಕಂಡಕ್ಟರ್, ಉಪ್ಪಿಲ್ಲದ ಬದನಿಕಾಯಿ ಹ್ಯಾಂಗ ಗಂಟಲದಾಗ ಇಳೀಬೇಕು?"

"ನಿಮ್ಮ ಅಳಿಯಂದ್ರು ಭಾಳ ಶಾಣ್ಯಾ ಅದಾರ ಬಿಡ್ರಿ ಅಜ್ಜಿ. ಅವರ ಮಾತು ಕೇಳ್ರಿ. ರೈಟ್, ರೈಟ್!"

"ಶಾಣ್ಯಾ ಅದಾರ, ಗೊರಕಿನೂ ಹೊಡೀತಾರ!"

ಬಸ್ಸಿಗೆ ಬಸ್ಸೇ ನಕ್ಕಿತು. ಸೂರ್ಯಕಾಂತಣ್ಣನ ಮುಖ ಕೆಂಪಗಾಗಿ, ಸುಮ್ಮನೆ ಎರಡು ಸಲ ಸೀಟಿ ಊದಿದ. ಡ್ರೈವರ್ ಯಾಕೋ ಏನೋ ಎಂದು ಬ್ರೇಕ್ ಹಾಕಿದ. ಸಂಜೆ ಕಮಲಾಪುರದಲ್ಲಿ ಇಳಿದು, ಮನೆಯ ಹೊಸ್ತಿಲು ದಾಟಿದ ಕೂಡಲೇ ಆಯಿಯ ಸೆರಗು ಹಣೆಗೆ ಬಂತು, ಮಾತು ಫೋಟೋಗೆ ಹೋಯಿತು.

ಹೀಗೇ ಆರು ವರ್ಷ ನಡೆಯಿತು, ಇನ್ನೂ ನಡೆಯುತ್ತಿತ್ತು. ಆದರೆ ಈ ಸಲದ ಏಪ್ರಿಲ್‌ನಲ್ಲಿ ಮೂರು ಕೆಲಸ ಒಟ್ಟಿಗೇ ಆದವು. ಜೇಡರ ಬಲೆ ಹೊಡೆಯುವಾಗ ಆಯಿಯ ಕಸಬರಿಗೆ ತಾಗಿ ಫೋಟೋದ ಗಾಜು ಒಡೆಯಿತು. ಭಾಗಮ್ಮನ ಪುಣ್ಯತಿಥಿ ಹತ್ತಿರ ಬಂದಿತ್ತು. ಸೂರ್ಯಕಾಂತಣ್ಣ ಹೊಸ ಗಾಜು, ದೊಡ್ಡ ಚೌಕಟ್ಟು ಹಾಕಿಸೋಣವೆಂದು ಅದನ್ನು ಕಲಬುರಗಿಯ ಸ್ಟೇಶನ್ ಬಜಾರದ ಒಂದು ಅಂಗಡಿಗೆ ಕೊಟ್ಟ. ನಾಲ್ಕು ದಿನ ಎಂದ ಅಂಗಡಿಯವನು ಕೀಲಿ ಹಾಕಿ ಮದುವೆಗೆ ಹೋದ. ಅದೇ ವಾರ ನನಗೆ ಹತ್ತನೇ ಕ್ಲಾಸಿನ ಉತ್ತರ ಪತ್ರಿಕೆ ತಿದ್ದಲು ಕಲಬುರಗಿಗೆ ಕರೆ ಬಂತು. ಹನ್ನೆರಡು ದಿನ ತಂಗಿಯ ಮನೆಯಲ್ಲಿ ಉಳಿದೆ. ಮೊದಲ ಶನಿವಾರದ ಡಾಕ್ಟರ ಭೇಟಿಯೂ ಮುಂದೆ ಹೋಯಿತು.

ಮನೆಯಲ್ಲಿ ಉಳಿದದ್ದು ಅತ್ತೆ, ಅಳಿಯ ಮತ್ತು ಗೋಡೆಯ ಮೇಲೊಂದು ಮೊಳೆ.

ಆ ಹನ್ನೆರಡು ದಿನ ಆ ಮನೆಯಲ್ಲಿ ಒಂದೇ ಒಂದು ಮಾತು ಹುಟ್ಟಲಿಲ್ಲ. ಸೂರ್ಯಕಾಂತಣ್ಣ ಗುಳಿಗೆಯ ಹೊತ್ತಿಗೆ ಚಮಚದಿಂದ ತಟ್ಟೆ ಬಾರಿಸುತ್ತಿದ್ದ. ಆಯಿ ನುಂಗಿ, ಲೋಟ ಬಾರಿಸುತ್ತಿದ್ದಳು. ದಿನಾ ತಟ್ಟೆ ಲೋಟದ ಸಂಗೀತ ಕೇಳಿ ನನ್ನವರು, ಪಕ್ಕದ ಮನೆಯಲ್ಲಿ ಭಜನೆ ಸುರುವಾಗಿದೆ ಎಂದು ನನಗೆ ಫೋನಿನಲ್ಲಿ ಹೇಳಿದರು. ನಾನೂ ನಕ್ಕೆ. ನಗಬಾರದಿತ್ತು.

ಏನಾಗಿತ್ತೆಂದರೆ, ನಾನು ಹೋದ ನಾಲ್ಕನೇ ದಿನ ಮಧ್ಯಾಹ್ನ ಆಯಿ ಅಂಗಳದ ಫರಸಿ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ಸಂಡಿಗೆ ಹಾಕಿದ್ದಳು. ಕಲಬುರಗಿ ಸೀಮೆಯ ಏಪ್ರಿಲ್ ಬಿಸಿಲಿಗೆ ಆ ಕಲ್ಲಿನ ಮೇಲೆ ಸಂಡಿಗೆಯಲ್ಲ, ರೊಟ್ಟಿಯೇ ಬೇಯುತ್ತದೆ. ಹದಿನೆಂಟು ವರ್ಷದ ಶುಗರು ಅವಳ ಪಾದಗಳನ್ನು ಜೋಮು ಹಿಡಿಸಿಬಿಟ್ಟಿತ್ತು. ಕಾಲು ಸುಟ್ಟದ್ದು ಕಾಲಿನವಳಿಗೇ ತಿಳಿಯಲಿಲ್ಲ. ಬಲಗಾಲ ಹೆಬ್ಬೆರಳ ಕೆಳಗೆ ಬೊಬ್ಬೆ ಎದ್ದು, ಒಡೆದು, ಕೀವಾಯಿತು. ಅವಳು ಅರಿಶಿಣ ಒತ್ತಿ ಹಳೆಯ ಅರಿವೆ ಸುತ್ತಿ, ಮೇಲೆ ಸೀರೆಯ ನಿರಿಗೆ ಬಿಟ್ಟುಕೊಂಡಳು.

ನಾನು ತಿರುಗಿ ಬಂದ ದಿನ ಅವಳ ಹತ್ತಿರ ಕೂತಾಗ ವಾಸನೆ ಬಂತು. ಅರಿವೆ ಬಿಚ್ಚಿಸಿ ನೋಡಿದೆ. ಹೆಬ್ಬೆರಳ ತುದಿ ಕಪ್ಪಗಾಗಿತ್ತು.

"ಎಂಟು ದಿನ! ಎಂಟು ದಿನ ಯಾರಿಗೂ ಹೇಳಿಲ್ಲ ನೀನು?" ಎಂದು ನಾನು ಕಿರುಚಿದೆ.

ಆಯಿ ಗೋಡೆ ತೋರಿಸಿದಳು. "ಯಾರಿಗಿ ಹೇಳ್ಲಿ? ನೀ ಇಲ್ಲ. ಭಾಗೂ ಇಲ್ಲ. ನಿನ್ನ ಗಂಡಗ ಕಾಲು ಹ್ಯಾಂಗ ತೋರಸ್ಲಿ? ಬರೇ ಮೊಳಿ ಅದ. ಮೊಳಿಗಿ ಹೇಳಿದ್ರ ಅದು ಯಾರಿಗಿ ಹೇಳ್ತದ?"

ಸೂರ್ಯಕಾಂತಣ್ಣ ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡ. ನಾನು ಅವನನ್ನೂ ಬಿಡಲಿಲ್ಲ, ಕನ್ನಡ ದಖನಿ ಎರಡರಲ್ಲೂ ಬಾಯಿಗೆ ಬಂದದ್ದು ಅಂದೆ. ಅವನು ತಲೆ ಬಗ್ಗಿಸಿ ನಿಂತಿದ್ದ. ಆಮೇಲೆ ನನಗೆ ನನ್ನ ಬಾಯಿಯ ಮೇಲೇ ಸಿಟ್ಟು ಬಂತು.

ಮರುದಿನ ಅವನು ರಜೆ ಹಾಕಿ ನಮ್ಮ ಜೊತೆಗೇ ಬಂದ. ಡಾಕ್ಟರ್ ಗೌಸಿಯಾ ಅವರ ದವಾಖಾನೆ ಸ್ಟೇಶನ್ ಬಜಾರದಲ್ಲಿದೆ. ವಯಸ್ಸು ಚಿಕ್ಕದು, ಮಾತು ನೆಟ್ಟಗೆ. ಗಾಯ ತೊಳೆದು, ಸತ್ತ ಚರ್ಮ ಕತ್ತರಿಸಿ, ನಮ್ಮನ್ನು ಎದುರಿಗೆ ಕೂರಿಸಿಕೊಂಡರು. ಸೂರ್ಯಕಾಂತಣ್ಣ ಪರದೆಯ ಆ ಕಡೆ ನಿಂತಿದ್ದ.

"ರಕ್ತ ಇನ್ನೂ ಓಡಲಾಕತ್ತದ, ಅದೇ ಪುಣ್ಯ. ಹತ್ತು ದಿನ ನೋಡೋಣ. ದಿನಕ್ಕ ಎರಡು ಸಲ ತೊಳದು, ಒಣಗಿಸಿ, ಪಟ್ಟಿ ಬದಲಾಯಿಸಬೇಕು. ನೆಲಕ್ಕ ಕಾಲು ಊರಂಗಿಲ್ಲ. ನೀರು ಉಗುರುಬೆಚ್ಚಗ ಇರ್ಲಿ. ಬಿಸಿ ಎಷ್ಟದ ಅಂತ ಇವರ ಕಾಲಿಗಿ ತಿಳಿಯಂಗಿಲ್ಲ, ಇನ್ನೊಬ್ಬರು ಕೈಯಿಟ್ಟು ನೋಡಬೇಕು. ಸರಿಯಾಗಿ ಮಾಡಿದ್ರ ಬೆರಳ ಉಳೀತದ. ಕಪ್ಪು ಮ್ಯಾಲ ಏರಿದ್ರ ಬೆರಳ ತೆಗೀಬೇಕಾಗ್ತದ."

"ಅದು ನಾ ಹುಟ್ಟಿದಾಗಿಂದ ನನ್ನ ಕೂಡೇ ಅದ ಡಾಕ್ಟರವ್ವ," ಎಂದಳು ಆಯಿ. ಅವಳ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಮೊದಲ ಸಲ ಕೇಳಿದೆ.

ಹೊರಗೆ ಬಂದಾಗ ಸೂರ್ಯಕಾಂತಣ್ಣ ಅಲ್ಲಿರಲಿಲ್ಲ. ಕಾಲು ಗಂಟೆಯ ಮೇಲೆ ಬಂದ. ಚೌಕಟ್ಟಿನ ಅಂಗಡಿಯವನನ್ನು ಹಿಡಿದು, ಎದುರಿಗೆ ಕೂತು ಗಾಜು ಹಾಕಿಸಿ, ಭಾಗಮ್ಮನನ್ನು ಕಂಕುಳಲ್ಲಿ ಇರುಕಿಕೊಂಡು ಬಂದಿದ್ದ.

ಪಟ್ಟಿ ಕಟ್ಟುವವರು ಯಾರು? ನಮ್ಮೂರ ಆಸ್ಪತ್ರೆಯ ನರ್ಸಮ್ಮ ದಿನ ಬಿಟ್ಟು ದಿನ ಬರುತ್ತೇನೆ ಎಂದಳು. ಉಳಿದದ್ದು ನಾನು ಮಾಡುತ್ತೇನೆ ಎಂದು ಎದೆ ತಟ್ಟಿಕೊಂಡೆ. ಮಾಡಿದ್ದು ಇಷ್ಟು: ಸೆರಗು ಸಿಕ್ಕಿಸಿ, ಬಿಸ್ಮಿಲ್ಲಾ ಎಂದು ಪಟ್ಟಿ ಬಿಚ್ಚಿದೆ, ಗಾಯ ನೋಡಿದೆ, ಬಿದ್ದೆ. ಕಣ್ಣು ಬಿಟ್ಟಾಗ ಆಯಿ ಮಂಚದಿಂದಲೇ ಬಗ್ಗಿ ನನಗೆ ಬೀಸಣಿಗೆ ಹಾಕುತ್ತಿದ್ದಳು.

"ಇಕಿಗಿ ಮೊದಲ ಡಾಕ್ಟರ ಹಂತೇಕ ಒಯ್ಯಂತ ಹೇಳವಾ ಭಾಗೂ," ಎಂದಳು ಫೋಟೋಗೆ.

ನನಗೆ ನಾಚಿಕೆಯಾಗಿ ಸಾಯುವ ಹಾಗಾಯಿತು. ಸೂರ್ಯಕಾಂತಣ್ಣ ಬಾಗಿಲಿನಿಂದ ನಿಧಾನಕ್ಕೆ ಹೇಳಿದ. "ಭಾಗೂ, ನಿಮ್ಮವ್ವಗ ಹೇಳು. ದವಾಖಾನ್ಯಾಗ ಪರದಿ ಸಂದಿಯಿಂದ ನಾ ಎಲ್ಲಾ ನೋಡಿ ಕಲ್ತೀನಿ. ನಾ ಕಟ್ತೀನಿ."

ಆಯಿಯ ಸೆರಗು ಮೂಗಿನವರೆಗೆ ಇಳಿಯಿತು. ಕಾಲು ಒಳಗೆ ಎಳೆದುಕೊಂಡಳು.

"ಬ್ಯಾಡಂತ ಹೇಳು ಭಾಗೂ. ನಿನ್ನ ಮದಿವ್ಯಾಗ ಪರಾತದಾಗ ಅವರ ಕಾಲಿಟ್ಟು ನಾ ಈ ಕೈಲಿ ತೊಳದೀನಿ. ಈಗ ಅವರ ಕೈಲಿ ನನ್ನ ಕಾಲು ತೊಳಸ್ಕೊಂಡು ಯಾವ ನರಕಕ್ಕ ಹೋಗ್ಲಿ? ಬೆರಳ ಹೋದ್ರ ಹೋಗ್ಲಿ."

ನಾನು ಬೈದೆ, ಬೇಡಿಕೊಂಡೆ, ಕೈ ಮುಗಿದೆ. ಅವಳು ಮುಖ ಗೋಡೆಗೆ ತಿರುಗಿಸಿ ಮಲಗಿಬಿಟ್ಟಳು. ಸೂರ್ಯಕಾಂತಣ್ಣ ಹೊರಟುಹೋದ. ಪಟ್ಟಿ ಬಿಚ್ಚಿದ ಗಾಯ ಹಾಗೇ ತೆರೆದುಕೊಂಡಿತ್ತು. ಒಂದು ಬೆರಳು ಹೋದರೆ ಅಲ್ಲಿಗೇ ನಿಲ್ಲುತ್ತದೆಯೇ, ಈ ವಯಸ್ಸಿಗೆ ಆಪರೇಷನ್ ತಡೆಯುತ್ತಾಳೆಯೇ ಎಂದು ಯೋಚಿಸುತ್ತ, ಗಾಯದ ಕಡೆ ನೋಡದೆ ಬೀಸಣಿಗೆ ಬೀಸುತ್ತ ಕೂತೆ.

ಹತ್ತು ನಿಮಿಷ ಕಳೆದಿರಬೇಕು, ಹೊರಗಿನ ಕಟ್ಟೆಯಿಂದ ಕಿವಿ ಕಿತ್ತು ಬರುವ ಹಾಗೆ ಸೀಟಿ ಕೇಳಿಸಿತು.

"ಕಲಬುರಗೀ, ಕಲಬುರಗೀ, ಕಲಬುರಗೀ! ಮಹಾಗಾಂವ ಕ್ರಾಸ್, ಕಲಬುರಗೀ! ಒಳಗ ಯಾರರೆ ಅಜ್ಜಿ ಅದಾರೇನ್ರೀ? ಸೀಟ್ ಖಾಲಿ ಅದ!"

ಓಡಿ ಹೋಗಿ ನೋಡಿದೆ. ಸೂರ್ಯಕಾಂತಣ್ಣ ಹೊಸ್ತಿಲ ಹೊರಗೆ, ಕಟ್ಟೆಯ ಮೇಲೆ ನಿಂತಿದ್ದ. ಇಸ್ತ್ರಿ ಮಾಡಿದ ಖಾಕಿ ಅಂಗಿ, ಖಾಕಿ ಪ್ಯಾಂಟು, ಹೆಗಲಿಗೆ ಚರ್ಮದ ಚೀಲ, ಕೊರಳಲ್ಲಿ ಸೀಟಿ. ಒಂದರ ಹಿಂದೊಂದು ಎರಡು ಬೆಂಚು ಹಾಕಿ, ಪಕ್ಕದಲ್ಲಿ ಬೆಚ್ಚಗಿನ ನೀರು, ಹತ್ತಿ, ಬಟ್ಟೆ, ಔಷಧಿ ಎಲ್ಲಾ ಜೋಡಿಸಿದ್ದ. ಓಣಿಯ ಮಂದಿ ಆಗಲೇ ಬಂದು ನಿಂತಿದ್ದರು. ಯಾರೋ ಒಬ್ಬ ನಿಜವಾಗಿಯೂ ಚೀಲ ಹಿಡಿದು ಬಂದಿದ್ದ.

ಒಳಗೆ ಮಂಚ ಕಿರುಗುಟ್ಟಿತು. ಆಯಿ ಎದ್ದು ಕೂತಿದ್ದಳು.

"ನಜ್ಮಾ, ಹೊರಗ ಅವ ಯಾರವ?"

"ಕಂಡಕ್ಟರ್ ಬಂದಾನ ಆಯಿ," ಎಂದೆ, ನಗು ಬರದಂತೆ ತುಟಿ ಕಚ್ಚಿಕೊಂಡು.

ಆಯಿ ಬಾಗಿಲ ಕಡೆ ಕತ್ತು ಚಾಚಿದಳು. "ಬಿಲ್ಲೆ ಹಾಕ್ಯಾನೇನು ನೋಡು."

ಹಾಕಿರಲಿಲ್ಲ! ಬಿಲ್ಲೆ ಒಗೆಯಲು ಹಾಕಿದ ಅಂಗಿಯಲ್ಲೇ ಉಳಿದಿತ್ತು. ಸೂರ್ಯಕಾಂತಣ್ಣ ಗಾಬರಿಯಾಗಿ ಒಳಗೆ ಬರಲು ಕಾಲೆತ್ತಿದ. "ನಕ್ಕೋ, ಬ್ಯಾಡ! ಹೊಸ್ತಿಲ ದಾಟಬ್ಯಾಡ, ದಾಟಿದ್ರ ಅಳಿಯ ಆಗ್ತಿ!" ಎಂದು ನಾನು ಕೂಗಿ, ನಾನೇ ಓಡಿ ಬಿಲ್ಲೆ ತಂದು ಅವನ ಎದೆಗೆ ಚುಚ್ಚಿದೆ. ಅವಸರದಲ್ಲಿ ಅವನಿಗೂ ಸ್ವಲ್ಪ ಚುಚ್ಚಿತು.

"ಈಗ ಹಾಕ್ಯಾನ ಆಯಿ."

"ಹಂಗಾದ್ರ ನನ್ನ ಆಧಾರ್ ತಾ."

ನಾನೂ ನನ್ನವರೂ ಅವಳನ್ನು ಕುರ್ಚಿಗೆ ಇಳಿಸಿ, ಕುರ್ಚಿ ಸಮೇತ ಎತ್ತಿ ಹೊಸ್ತಿಲು ದಾಟಿಸಿದೆವು. ಹಿಂದಿನ ಬೆಂಚಿನ ಮೇಲೆ ಕೂರಿಸಿ, ಮುಂದಿನದರ ಮೇಲೆ ಕಾಲು ಇಡಿಸಿದೆವು. ಕಂಡಕ್ಟರ್ ಆಧಾರ್ ನೋಡಿದ. ಕ್ಯಾಲೆಂಡರಿನ ಒಂದು ಮೂಲೆ ಹರಿದು ಅವಳ ಕೈಗೆ ಕೊಟ್ಟ.

"ಎಲ್ಲಿಗ್ರಿ ಅಜ್ಜಿ?"

"ಎಲ್ಲಿಗರೆ ಒಯ್ಯಪಾ. ತಿರುಗಿ ಬರುವಾಗ ಬೆರಳ ನನ್ನ ಕೂಡೇ ಬರಬೇಕು, ಅಷ್ಟೇ."

ಅವನು ಕೂತು ನೀರಿಗೆ ಕೈಯಿಟ್ಟು ನೋಡಿ, ಗಾಯ ತೊಳೆದ. ಆ ದಪ್ಪ ಬೆರಳುಗಳು ಅಷ್ಟು ಹಗುರವಾಗಿ ಓಡಾಡುತ್ತವೆಂದು ನನಗೆ ಗೊತ್ತಿರಲಿಲ್ಲ. ನಾನು ಕಂಬದ ಮರೆಯಿಂದ ಒಂದೇ ಕಣ್ಣಲ್ಲಿ ನೋಡಿದೆ, ಮತ್ತೆ ಬೀಳಬಾರದಲ್ಲ. ಪಟ್ಟಿ ಕಟ್ಟಿ ಮುಗಿಸಿ "ರೈಟ್, ರೈಟ್!" ಎಂದ. ಓಣಿಯವರೆಲ್ಲ ಚಪ್ಪಾಳೆ ತಟ್ಟಿದರು.

ಅಲ್ಲಿಂದ ಹತ್ತು ದಿನ ನಮ್ಮ ಓಣಿಯಲ್ಲಿ ಒಂದು ಬಸ್ಸು ಓಡಿತು. ಬೆಳಿಗ್ಗೆ ಅವನು ಡ್ಯೂಟಿಗೆ ಹೋಗುವ ಮೊದಲು ಒಂದು ಟ್ರಿಪ್ಪು, ಸಂಜೆ ಬಂದ ಮೇಲೆ ಒಂದು. ಆಯಿಗೆ ಅದರಷ್ಟು ಖುಷಿ ಬೇರೆ ಇರಲಿಲ್ಲ. ತಿಂಗಳಿಗೊಮ್ಮೆ ಆಡುವ ಮಾತು ಈಗ ದಿನಕ್ಕೆರಡು ಸಲ! ರೊಟ್ಟಿ ದಪ್ಪ ಮಾಡುತ್ತಾರೆ ಎಂದಳು, ಬನಿಯನ್ನು ತೂತಾದರೂ ಹೊಸದು ತರುವುದಿಲ್ಲ ಎಂದಳು. ಕಂಡಕ್ಟರ್ ಎಲ್ಲದಕ್ಕೂ "ಅವರಿಗಿ ತಿಳಸ್ತೀನ್ರಿ ಅಜ್ಜಿ" ಎನ್ನುತ್ತಿದ್ದ. ಮರುದಿನ ರೊಟ್ಟಿ ತೆಳ್ಳಗಾಗಿರುತ್ತಿತ್ತು. ಮೂರನೇ ದಿನ ಹೊಸ ಬನಿಯನ್ನೂ ಬಂತು.

ಆರನೇ ದಿನ ಸಂಜೆ ಆಯಿ ದನಿ ಇಳಿಸಿದಳು. "ಕಂಡಕ್ಟರ್, ಒಂದು ಮಾತು ಆರು ವರ್ಷದಿಂದ ಹೊಟ್ಟ್ಯಾಗ ಅದ. ನಮ್ಮ ಅಳಿಯಂದ್ರು ಇನ್ನೊಂದು ಮದಿವಿ ಮಾಡ್ಕೋಬೇಕಿತ್ತು. ಭಾಗೂಗ ಹೇಳಿ ಕಳಸೂ ಮಾತಲ್ಲ ಅದು. ನೀ ಹೇಳ್ತಿಯೇನು?"

ಅವನು ಪಟ್ಟಿ ಇನ್ನೊಂದು ಸುತ್ತು ಸುತ್ತಿದ. ತಲೆ ಎತ್ತಲಿಲ್ಲ.

"ಕೇಳೀನ್ರಿ ಅಜ್ಜಿ. ಒಲ್ಲೆ ಅಂದಾರ."

"ಯಾಕಂತ?"

"ಮನ್ಯಾಗ ಈಗಾಗಲೇ ಒಬ್ಬಾಕಿ ಹುಕುಂ ನಡೀತದಂತ. ಇಬ್ಬರದು ತಡಕೊಳ್ಳೂದು ಆಗಂಗಿಲ್ಲಂತ."

ಆಯಿ ನಕ್ಕಳು. ಅಷ್ಟು ನಕ್ಕಳೆಂದರೆ ಕಟ್ಟಿದ ಪಟ್ಟಿ ಸಡಿಲಾಗಿ ಅವನು ಮತ್ತೆ ಕಟ್ಟಬೇಕಾಯಿತು. ನಾನು ಕಂಬದ ಹಿಂದೆ ಒಂದು ಕಣ್ಣಲ್ಲಿ ನಗುತ್ತ, ಇನ್ನೊಂದು ಕಣ್ಣು ಒರೆಸಿಕೊಂಡೆ.

ಹತ್ತನೇ ದಿನ ಡಾಕ್ಟರ್ ಗೌಸಿಯಾ ಪಟ್ಟಿ ಬಿಚ್ಚಿ, ಒತ್ತಿ, ಬೆಳಕು ಬಿಟ್ಟು ನೋಡಿದರು. ಕಪ್ಪು ಏರಿರಲಿಲ್ಲ. ಅಡಿಯಿಂದ ಕೆಂಪಗೆ ಹೊಸ ಮಾಂಸ ಬರುತ್ತಿತ್ತು.

"ಬೆರಳ ಉಳೀತು," ಎಂದರು. "ಖರೆ ಇದು ಮತ್ತೊಮ್ಮೆ ಆಗಬಾರ್ದು. ಇನ್ನು ಮ್ಯಾಲ ದಿನಾ ಸಂಜಿಗಿ ಯಾರರೆ ಇವರ ಎರಡೂ ಕಾಲು ಕೈಯಾಗ ಹಿಡಕೊಂಡು, ಬೆರಳ ಸಂದಿ ಎಲ್ಲಾ ನೋಡಬೇಕು. ಇವರು ಇರೂತನಕ."

ವಾಪಸು ಬರುವಾಗ ಆಯಿ ಬಸ್ಸಿನಲ್ಲಿ ಹತ್ತಿದವರಿಗೆಲ್ಲ ಹೆಬ್ಬೆರಳ ಸುದ್ದಿ ಹೇಳಿದಳು. ಮಹಾಗಾಂವ ಕ್ರಾಸಿನಲ್ಲಿ ಹತ್ತಿದ ಒಬ್ಬ ಮುದುಕ ಅವಳಿಗೆ ಕೆಂಪು ಬಾಳೆಹಣ್ಣು ಕೊಡಲು ಬಂದ. ಕಂಡಕ್ಟರ್ ನಡುವೆಯೇ ಹಿಡಿದು ತಾನು ತಿಂದುಬಿಟ್ಟ. ಆಯಿ ಅವನನ್ನು ಬೈದ ಬೈಗುಳಕ್ಕೆ ಬಸ್ಸು ಊರು ಮುಟ್ಟುವವರೆಗೆ ನಗುತ್ತಲೇ ಇತ್ತು. ಆದರೆ ಕಮಲಾಪುರ ಹತ್ತಿರ ಬಂದಾಗ ಅವಳು ಕಂಡಕ್ಟರನ ಬಿಲ್ಲೆಯ ಮೇಲೊಮ್ಮೆ ಕಣ್ಣಾಡಿಸಿದಳು. ಕಿಟಕಿಯ ಹೊರಗೆ ನೋಡುತ್ತ ಕೂತಳು.

ಸಂಜೆ ಸೂರ್ಯಕಾಂತಣ್ಣ ಡ್ಯೂಟಿ ಮುಗಿಸಿ ಬಂದ. ಬೆವರಿನ ಅಂಗಿ ಕಳಚಿ, ಹೊಸ ಬನಿಯನ್ನಿನಲ್ಲಿ ಚಹಾ ಕುಡಿದು, ಟ್ರಿಪ್ಪಿನ ಹೊತ್ತಾಯಿತೆಂದು ಇಸ್ತ್ರಿ ಅಂಗಿಗೆ ಕೈ ಹಾಕಿದ. ನಾನು ಕುರ್ಚಿ ಎತ್ತಿಸಲು ಬಂದಿದ್ದೆ. ಆಯಿ ಪಡಸಾಲೆಯಲ್ಲಿ, ಭಾಗಮ್ಮನ ಫೋಟೋದ ಕೆಳಗೆ ಕೂತಿದ್ದಳು.

"ಸೂರ್ಯಕಾಂತ."

ನಾನು ಮೊದಲು ಯಾರು ಕರೆದರೆಂದು ಬಾಗಿಲ ಕಡೆ ನೋಡಿದೆ. ಅವನಿಗೂ ತಿಳಿಯಲಿಲ್ಲ, ಅವನೂ ಬಾಗಿಲ ಕಡೆ ನೋಡಿದ.

"ಆ ಸೀಟಿ ಅಲ್ಲೇ ಇಡು," ಎಂದಳು ಆಯಿ. ಸೆರಗು ಹಣೆಯ ಮೇಲೇ ಇತ್ತು, ಕಣ್ಣು ಮಾತ್ರ ನೆಟ್ಟಗೆ ಅವನ ಮೇಲಿತ್ತು. "ಎರಡು ವರ್ಷಕ್ಕ ರಿಟೈರ್ ಆಗಿ ಆ ಬಿಲ್ಲೆ ತಿರುಗಿ ಕೊಡ್ತಿ. ಆಮ್ಯಾಲ ನನ್ನ ಕಾಲು ಯಾರು ನೋಡ್ತಾರ? ಇವತ್ತಿಂದೇ ರೂಢಿ ಆಗ್ಲಿ. ಬಾ, ಕೂಡು."

ಹೇಳಿ, ಹೊಸ್ತಿಲ ಒಳಗೆ, ತನ್ನ ಬಲಗಾಲು ಮುಂದೆ ಚಾಚಿದಳು.

ಸೂರ್ಯಕಾಂತಣ್ಣ ಪರಾತದಲ್ಲಿ ನೀರು ತಂದ. ನೆಲದ ಮೇಲೆ ಕೂತ. ಆ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಏನೋ ಹೇಳಬೇಕಿತ್ತು ಅವನಿಗೆ. ರೂಢಿಯಂತೆ ಗೋಡೆಗೆ ಮುಖ ಎತ್ತಿದ.

"ಭಾಗೂ, ನಿಮ್ಮವ್ವಗ ಹೇಳು..."

ಮುಂದೆ ದನಿ ಹೊರಡಲಿಲ್ಲ. ಇಡೀ ಬಸ್ಸಿಗೆ ಕೇಳುವ ದನಿ ಅದು!

"ಅಕಿಗ್ಯಾಕ ಹೇಳ್ತಿ?" ಎಂದಳು ಆಯಿ. "ನಾ ಇಲ್ಲೇ ಇದ್ದೀನಲ್ಲ. ನನಗ ಹೇಳು."

ಅವನು ತೋಳಿನಿಂದ ಕಣ್ಣೊರೆಸಿಕೊಂಡ. "ನೀರು ಬಿಸಿ ಆಗ್ಯಾವೇನ್ರಿ ಅತ್ತೆವ್ವ?"

"ನನಗ ಗೊತ್ತಾಗಂಗಿಲ್ಲಪಾ. ನೀನೇ ಕೈಯಿಟ್ಟು ನೋಡಿ ಹೇಳು."

ಅವನು ಕೈಯಿಟ್ಟು ನೋಡಿದ. ನಾನು ಸದ್ದಿಲ್ಲದೆ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದೆ. ತವೆಯ ಮೇಲೆ ರೊಟ್ಟಿ ಹೊತ್ತಿ ಕರಿಯಾಗಿತ್ತು, ಅದನ್ನೇ ತಿಂದೆ.